ಎರಡೂ ಕೈ ಬೇಕಾಗುವ ಕೆಲಸ

ನನ್ನ ಅತ್ತೆ ಅವುಗಳನ್ನು "ನಿನ್ನ ತೌರಿನ ನೆಂಟರು" ಎಂದು ಕರೆಯುತ್ತಿದ್ದರು. ಮದುವೆಯಾಗಿ ಕಡೂರಿನಿಂದ ತರೀಕೆರೆಗೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಮೇಲೆ ಹತ್ತಿ ಸುತ್ತಿಕೊಂಡು ಮಲಗಿದ್ದವರು ಅವರೇ: ತೋಳದ ಮುಖದವನೊಬ್ಬ, ಮೈತುಂಬ ಪಟ್ಟಿ ಬಿಗಿದುಕೊಂಡ ಹೆಣವೊಂದು, ಮೀನಿನ ಹುರುಪೆಯಿದ್ದ ಜೌಗುನೆಲದ ರಾಕ್ಷಸನೊಬ್ಬ. ಎಲ್ಲರೂ ಗೇಣುದ್ದದ ಪ್ಲಾಸ್ಟಿಕ್ಕಿನವರು, ಎಲ್ಲರೂ ದೂರದೇಶದ ಡಬ್ಬಿಗಳಲ್ಲಿ ತುಂಡುತುಂಡಾಗಿ ಬಂದವರು. ಕೂಡಿಸಿ ನಿಲ್ಲಿಸಿದವಳು ನಾನು. ಹೊಸ ಸೊಸೆಯ ಟ್ರಂಕು ನೋಡಲು ಸೇರಿದ್ದ ಹೆಂಗಸರು ಮುಚ್ಚಳ ತೆಗೆದದ್ದೇ ಹಿಂದೆ ಸರಿದರು. ಅತ್ತೆ ಸರಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿ, "ಬೀಗರ ಕಡೆಯಿಂದ ಇನ್ನೂ ಯಾರ್ಯಾರು ಬರೋರವ್ರೆ?" ಎಂದರು.

ನನ್ನ ಅಪ್ಪನದು ಕಡೂರಿನಲ್ಲಿ ಗಡಿಯಾರ ರಿಪೇರಿ ಅಂಗಡಿ. ಸ್ಕೂಲು ಬಿಟ್ಟಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಅರ ಹಿಡಿಯುವುದು, ಚಿಮಟದಲ್ಲಿ ಕೂದಲಿನಷ್ಟು ಸಣ್ಣ ಸ್ಪ್ರಿಂಗು ಎತ್ತುವುದು ಅಲ್ಲೇ ಕಲಿತದ್ದು. ಕೆಲಸದ ನಡುವೆ ನಾನು ಮೂಗು ತುರಿಸಿಕೊಂಡರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. "ಒಂದು ಕೈ ಹಿಡಿಯಕ್ಕೆ, ಒಂದು ಕೈ ಮಾಡಕ್ಕೆ ಕಣಮ್ಮ. ತುರಿಸ್ಕೊಳಕ್ಕೆ ಮೂರನೇ ಕೈ ದೇವರು ಕೊಟ್ಟಿಲ್ಲ" ಎನ್ನುತ್ತಿದ್ದರು.

ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಒಂದು ಗುಜರಿ ಅಂಗಡಿ. ಅದರ ಯಜಮಾನರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಎಪ್ಪತ್ತರ ದಶಕದ ಕೊನೆಗೆ ಘಟ್ಟದ ಮೇಲೆ ಗಣಿ ಕೆಲಸಕ್ಕೆಂದು ಬಂದಿದ್ದ ವಿದೇಶದ ಎಂಜಿನಿಯರುಗಳು ಸಂಸಾರ ಸಮೇತ ವಾಪಸು ಹೋಗುವಾಗ ಹೊರಲಾರದ್ದನ್ನೆಲ್ಲ ಬಿಟ್ಟುಹೋಗುತ್ತಿದ್ದರು. ಅವು ಲಾರಿಯಲ್ಲಿ ಇಳಿದು ಚಾಚಾರ ಅಂಗಡಿ ಸೇರುತ್ತಿದ್ದವು. ಬಾಣಲೆ, ಪರದೆ, ಮೂರು ಚಕ್ರದ ಸೈಕಲ್ಲು, ಅವುಗಳ ನಡುವೆ ಒಂದು ದಿನ ಒಂದು ರಟ್ಟಿನ ಡಬ್ಬಿ. ಮೇಲೆ ಹಲ್ಲು ಕಿರಿದ ತೋಳಮುಖದ ಚಿತ್ರ, ಒಳಗೆ ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಕಚ್ಚಿಕೊಂಡಿದ್ದ ಕೈ, ಕಾಲು, ಅರ್ಧ ತಲೆ, ಇನ್ನರ್ಧ ತಲೆ. ನಾನಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ, ಗಂಡು ಹುಡುಕುತ್ತಿದ್ದರು. ಅರ್ಧ ತಲೆಯನ್ನು ಇನ್ನರ್ಧಕ್ಕೆ ಹಿಡಿದು ನೋಡಿದೆ. ಸರಿಯಾಗಿ ಕೂತಿತು. ಅಷ್ಟೇ, ನನಗೆ ಹುಚ್ಚು ಹಿಡಿಯಿತು.

ಚಾಚಾ ಅದನ್ನು ಬೇರೆ ಪ್ಲಾಸ್ಟಿಕ್ಕಿನಂತೆಯೇ ತಕ್ಕಡಿಗೆ ಹಾಕಿ ತೂಕಕ್ಕೆ ಕೊಟ್ಟರು. "ಶೈತಾನ್ ತುಂಬಾ ಹಗುರ ಅದಾನೆ ಬೇಟಿ" ಎಂದು ನಕ್ಕರು. ಆಮೇಲೆ ಅಂಥ ಡಬ್ಬಿ ಬಂದಾಗೆಲ್ಲ ಎತ್ತಿಟ್ಟು ಅಂಗಡಿಯ ಹುಡುಗನ ಕೈಲಿ ಹೇಳಿಕಳಿಸುತ್ತಿದ್ದರು.

ಡಬ್ಬಿಯಲ್ಲಿದ್ದ ಅಂಟಿನ ಕೊಳವೆ ಒಣಗಿ ಕಡ್ಡಿಯಾಗಿತ್ತು. ಗೋಂದು ಹಚ್ಚಿದೆ, ನಿಲ್ಲಲಿಲ್ಲ. ಅರಗು ಕಾಯಿಸಿ ಹಚ್ಚಿದೆ, ಕಿವಿ ಸುಟ್ಟಿತು. ಕೊನೆಗೆ ಬಸ್ಸಿಗೆ ಬಣ್ಣ ಹೊಡೆಯುವವರ ಹತ್ತಿರ ಥಿನ್ನರ್ ತಂದು ಬತ್ತಿಯಲ್ಲಿ ಅಂಚಿಗೆ ಸವರಿದರೆ ಎರಡು ತುಂಡೂ ತುಸು ಕರಗಿ ಒಂದರೊಳಗೊಂದು ಬೆಸೆದುಕೊಂಡವು. ಹೆಚ್ಚು ಸವರಿದರೆ ಮೂಗು ಇಳಿದುಹೋಗುತ್ತಿತ್ತು. ಬಣ್ಣದ ವಿಷಯದಲ್ಲಿ ಇನ್ನೂ ದೊಡ್ಡ ಅನಾಹುತ. ಜೊತೆಯಲ್ಲಿದ್ದ ಚೀಟಿಯಲ್ಲಿ ಮುಖಕ್ಕೆ 'ಫ್ಲೆಶ್' ಬಣ್ಣ ಹಚ್ಚಬೇಕು ಎಂದಿತ್ತು. ನಿಘಂಟು ತೆಗೆದೆ. ಫ್ಲೆಶ್ ಅಂದರೆ ಮಾಂಸ. ಮಟನ್ ಅಂಗಡಿಯ ಮುಂದೆ ನಿಂತು ತೂಗುಹಾಕಿದ್ದ ತೊಡೆಯ ಬಣ್ಣವನ್ನು ಚೆನ್ನಾಗಿ ನೋಡಿಕೊಂಡು ಬಂದು ತೋಳದವನ ಮುಖಕ್ಕೆ ಅದೇ ಕೆಂಪು ಬಳಿದೆ. ಅದು ಅವರ ಮೈಬಣ್ಣದ ಹೆಸರು ಎಂದು ತಿಳಿಯುವ ಹೊತ್ತಿಗೆ ಅವನು ಒಣಗಿ ಕೂತಿದ್ದ. ಅವನನ್ನು ನಾನು ತಿದ್ದಲಿಲ್ಲ. ಹೆದರಿಸುವ ಕೆಲಸವನ್ನಂತೂ ಅವನು ಮೊದಲಿಗಿಂತ ಚೆನ್ನಾಗಿ ಮಾಡುತ್ತಿದ್ದ.

ನನಗೆ ಒಂದೇ ಒಂದು ಜಂಬವಿತ್ತು. ಸಂದು. ಎರಡು ಹೋಳು ಕೂಡಿದಲ್ಲಿ ಒಂದು ಗೆರೆ ಉಳಿಯುತ್ತದೆ. ಅದರೊಳಗೆ ಬಸ್ ಪೇಂಟರುಗಳು ಬಳಸುವ ಪುಟ್ಟಿ ತುಂಬಿ, ಒಣಗಿದಮೇಲೆ ಉಪ್ಪುಕಾಗದದಲ್ಲಿ ನೀರು ಹಾಕಿ ಹಾಕಿ ಉಜ್ಜಿದರೆ ಗೆರೆ ಮಾಯ. ಎಲ್ಲಿ ಕೂಡಿಸಿದ್ದೆಂದು ಬೆರಳಿಗೂ ತಿಳಿಯಬಾರದು, ಹಾಗೆ ಉಜ್ಜುತ್ತಿದ್ದೆ. ಮದುವೆಯಾದಮೇಲೆ ನಮ್ಮ ಮನೆಯವರು ಒಮ್ಮೆ ಹುರುಪೆಯವನನ್ನು ಬೆಳಕಿಗೆ ಹಿಡಿದು ಸಂದು ಹುಡುಕಿ ಸೋತರು. ಅವರು ಅಜ್ಜಂಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಮಿತಭಾಷಿ. "ಪರವಾಗಿಲ್ವೇ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಆ ದೊಡ್ಡ ಸೂರ್ಯಗ್ರಹಣ ಬಂತು. ಹಟ್ಟಹಗಲಲ್ಲಿ ಕತ್ತಲಾಗುತ್ತದೆಂದು ರೇಡಿಯೋದಲ್ಲಿ ಹೇಳಿ ಹೇಳಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಬಸುರಿಯರು ಗ್ರಹಣದ ಹೊತ್ತಲ್ಲಿ ಏನನ್ನೂ ಕತ್ತರಿಸಬಾರದು, ಕತ್ತರಿಸಿದರೆ ಹುಟ್ಟುವ ಮಗುವಿನ ತುಟಿ ಸೀಳಿರುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಅತ್ತೆ ಬೆಳಿಗ್ಗೆಯೇ ಈಳಿಗೆಮಣೆ, ಕತ್ತರಿ, ಚಾಕು ಎಲ್ಲ ಎತ್ತಿ ಅಟ್ಟಕ್ಕೆ ಹಾಕಿದರು. ನೀರಿನ ಕೊಡಕ್ಕೆ, ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿದರು. ನನ್ನನ್ನು ನಡುಮನೆಯ ಕೋಣೆಗೆ ಕಳಿಸಿ, "ಸುಮ್ನೆ ಮಲಿಕ್ಕೊ. ನಿನ್ನ ನೆಂಟರ ಸಾವಾಸ ಇವತ್ತು ಬೇಡ" ಎಂದು ಬಾಗಿಲು ಎಳೆದುಕೊಂಡರು.

ನೇಲ್ ಕಟರ್ ಅಟ್ಟಕ್ಕೆ ಹೋಗಿರಲಿಲ್ಲ. ಅದು ನನ್ನ ಹಾಸಿಗೆಯ ಕೆಳಗಿತ್ತು, ಪಕ್ಕದಲ್ಲಿ ಒಂದು ಗೂನುಬೆನ್ನಿನ ದೈತ್ಯನ ಡಬ್ಬಿ. ಥಿನ್ನರಿನ ವಾಸನೆ ಬಸುರಿಗೆ ಬೇಡವೆಂದು ಅಂಟಿಸುವ ಕೆಲಸವನ್ನು ನಮ್ಮ ಮನೆಯವರು ವಹಿಸಿಕೊಂಡಿದ್ದರು. ಕತ್ತರಿಸಿಡುವುದು ನನ್ನ ಪಾಲು. ಕೋಣೆಯಲ್ಲಿ ಬೇಜಾರಾಯಿತು. ಚೌಕಟ್ಟಿನಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಟಿಕ್, ಟಿಕ್ ಎಂಬ ಸದ್ದು ಆ ಕತ್ತಲಲ್ಲಿ ಮನೆಯಿಡೀ ಕೇಳಿಸಿರಬೇಕು. ಬಾಗಿಲು ತೆರೆಯಿತು. ಅತ್ತೆ ನನ್ನ ಕೈ ನೋಡಿದರು, ಹೊಟ್ಟೆ ನೋಡಿದರು. ಕಟರನ್ನು ಕಿತ್ತುಕೊಂಡು ಗೋಡೆಗೆ ಒರಗಿ ಕುಸಿದು ಕೂತರು.

ಹುಟ್ಟಿದ ಮಗಳ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಹೆರಿಗೆ ನನ್ನ ತೌರು ಕಡೂರಿನಲ್ಲಾಯಿತು, ಸುದ್ದಿ ನನಗಿಂತ ಮೊದಲೇ ತರೀಕೆರೆ ಸೇರಿತು. ನೋಡಲು ಬಂದವರೊಬ್ಬರು ಸಮಾಧಾನ ಹೇಳುವ ದನಿಯಲ್ಲಿ "ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ, ಬಿಡಮ್ಮ" ಎಂದರು. ಎದ್ದು ಹೋಗಿ ಎಂದೆ. ಬಾಣಂತಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋದರು. ಮಗುವಿಗೆ ಮೊಲೆ ಚೀಪಲು ಆಗುತ್ತಿರಲಿಲ್ಲ, ಒಳಲೆಯಲ್ಲಿ ಹನಿಹನಿಯಾಗಿ ಹಾಲು ಬಿಡುತ್ತ ಕೂತಿರುವಾಗ ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದವಳು ಕಡೂರಿನಲ್ಲಿ ಹೂ ಮಾರುತ್ತಿದ್ದ ಒಬ್ಬ ಹೆಂಗಸು. ನಾನು ಹುಡುಗಿಯಾಗಿದ್ದಾಗಿನಿಂದ ಅವಳಲ್ಲಿ ಹೂ ಕೊಂಡವಳು. ಅವಳ ಮುಖ ಹೇಗಿತ್ತೆಂದು ಇವತ್ತಿಗೂ ಗೊತ್ತಿಲ್ಲ. ಯಾವಾಗಲೂ ಸೆರಗನ್ನು ಬಾಯಿಗೆ ಕಚ್ಚಿಕೊಂಡಿರುತ್ತಿದ್ದಳು, ಮಾತಾಡುವಾಗಲೂ. ಸೀಳುತುಟಿಯವಳು ಎಂದು ಅಮ್ಮ ಹೇಳಿದ್ದಳು. ನನ್ನ ಮಗಳು ಹಾಗೆ ಬಾಯಿ ಮುಚ್ಚಿಕೊಂಡು ಬದುಕಕೂಡದು ಎಂದು ಆವತ್ತೇ ಗಟ್ಟಿಮಾಡಿಕೊಂಡೆ. ಬೇರೆ ಏನು ಬೇಕಾದರೂ ಆಗಲಿ, ಅದೊಂದು ಆಗಬಾರದು.

ಮಳೆಗಾಲ ಕಳೆದಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ಗ್ರಹಣದ ವಿಷಯ ನಾನೇ ಹೇಳಿದೆ, ಏಳನೇ ತಿಂಗಳಲ್ಲಿ ಹೀಗೆ ಮಾಡಿದೆ ಎಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ನೋಡಮ್ಮ, ಹೊಟ್ಟೆಯೊಳಗೆ ಮುಖ ಒಂದೇ ಸಲಕ್ಕೆ ಆಗೋದಿಲ್ಲ. ಎಡಗಡೆಯಿಂದ ಒಂದು ತುಂಡು, ಬಲಗಡೆಯಿಂದ ಒಂದು ತುಂಡು, ಮೇಲಿಂದ ಒಂದು ಬಂದು ಮಧ್ಯೆ ಕೂಡ್ಕೊಳ್ತವೆ. ಎಲ್ಲರ ಮುಖಾನೂ ಹಂಗೇ ಆಗೋದು. ನಿಂದೂ, ನಂದೂ. ಕೆಲವರಿಗೆ ಒಂದು ಕಡೆ ಸಂದು ಕೂಡೋದಿಲ್ಲ. ಅದು ಆಗೋದು ಎರಡನೇ ತಿಂಗಳಲ್ಲಿ. ಏಳನೇ ತಿಂಗಳಲ್ಲಿ ನೀನು ಮರಾನೇ ಕಡಿದಿದ್ರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಎರಡನೇ ತಿಂಗಳಲ್ಲಿ ನಾನು ವಾಂತಿ ಮಾಡಿಕೊಂಡು ಗೋಡೆಗೆ ಮುಖ ಹಾಕಿ ಮಲಗಿದ್ದೆ. ಕತ್ತರಿ ಇರಲಿ, ಚಮಚ ಎತ್ತಲೂ ತ್ರಾಣವಿರಲಿಲ್ಲ. ಡಾಕ್ಟರು ಹೇಳಿದ್ದು ನಮ್ಮ ಮನೆಯವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ನನಗೆ ಒಂದೇ ಏಟಿಗೆ ಅರ್ಥವಾಯಿತು. ಹೋಳುಗಳು, ಕೂಡುವುದು, ಸಂದು. ಇದು ನನ್ನ ಡಬ್ಬಿಯ ಮಾತು. ಕಾರಿಡಾರಿನಲ್ಲಿ ನಿಂತು ಜೋರಾಗಿ ಅತ್ತುಬಿಟ್ಟೆ. ದುಃಖಕ್ಕಲ್ಲ, ಅಷ್ಟು ತಿಂಗಳು ಎದೆಯ ಮೇಲೆ ಕೂತಿದ್ದ ಗುಂಡುಕಲ್ಲು ಇಳಿದದ್ದಕ್ಕೆ.

ನನಗೆ ಸಾಕಾದ ಮಾತು ಊರಿಗೆ ಸಾಲಲಿಲ್ಲ. ಮಗುವಿನ ತುಟಿಗೆ ಹೊಲಿಗೆ ಹಾಕಿಸಿಕೊಂಡು ತರೀಕೆರೆಗೆ ಬಂದ ವಾರ ಮನೆಗೆ ಬಂದ ಹೆಂಗಸರು ಅಲಮಾರಿನ ಮೇಲೆ ಸಾಲಾಗಿ ನಿಂತಿದ್ದ ನನ್ನ ನೆಂಟರನ್ನು ನೋಡಿದರು. "ಆ ಕರ್ಮಗಳನ್ನ ಇನ್ನೂ ಇಟ್ಕೊಂಡಿದ್ದೀಯಾ? ಕೆರೆಗೆ ಹಾಕಬಾರದಾ?" ಎಂದಳು ಒಬ್ಬಳು. ಇನ್ನೊಬ್ಬಳು ದನಿ ತಗ್ಗಿಸಿ ಅತ್ತೆಯನ್ನು ಕೇಳಿದಳು: "ಗ್ರಾಣದ ಹೊತ್ನಲ್ಲಿ ಏನೋ ಕತ್ತರಿಸ್ತಾ ಕುಂತಿದ್ಲಂತೆ, ಹೌದೇ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಯಾರೇ ಹೇಳಿದ್ದು? ಕಣ್ಣಾರೆ ಕಂಡವಳು ನಾನು. ಗ್ರಾಣ ಹಿಡಿಯೋ ಮುಂಚೆ ಮಲಗಿದ್ಲು, ಬಿಟ್ಟಮ್ಯಾಕೆ ಎದ್ಲು. ನಮ್ಮನೆ ಸೊಸೆ ಮ್ಯಾಲೆ ಇಲ್ಲದ್ದು ಹೇಳಿದ್ರೆ ನಿನ್ನ ನಾಲಿಗೆಗೆ ಹುಳ ಬೀಳ್ತದೆ ನೋಡು."

ದೇವರ ಮೇಲೆ ಅಷ್ಟು ಭಯವಿದ್ದ ಹೆಂಗಸು, ಮನೆಗೆ ಬಂದವರ ಮುಂದೆ ತಣ್ಣಗೆ ಸುಳ್ಳು ಹೇಳಿದರು. ಅವರು ಹೋದಮೇಲೆ ನಾನು ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಹೋದೆ. "ನಿನ್ನ ಡಾಕ್ಟ್ರು ಹೇಳಿದ್ದು ನಂಗೊತ್ತಾಗಲ್ಲ" ಎಂದರು. "ಮಗು ನಮ್ದು. ಅಷ್ಟು ಗೊತ್ತು." ಆಮೇಲೆ ಅಲಮಾರಿನ ಕಡೆ ಕೈ ತೋರಿಸಿ, "ಆ ಕೆಂಪು ಮೂತಿಯೋನ್ನ ಇಳಿಸಿ ಕೊಡು" ಎಂದರು. ಕೆರೆಗೆ ಹಾಕಲು ಎಂದೇ ತಿಳಿದು ನಾನು ಜಗಳಕ್ಕೆ ಸೆಟೆದು ನಿಂತೆ. ನಮ್ಮ ಮನೆಯವರು ಕೂಡ ಮಾತು ತಣ್ಣಗಾಗುವವರೆಗೆ ಅವುಗಳನ್ನು ಟ್ರಂಕಿನೊಳಗೆ ಇಡೋಣವೇ ಎಂದಿದ್ದರು. ಒಳಗಿಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ, ಇಡುವುದಿಲ್ಲ ಎಂದಿದ್ದೆ. ಅತ್ತೆ ನನ್ನ ಉತ್ತರಕ್ಕೆ ಕಾಯದೆ ಸ್ಟೂಲು ಹತ್ತಿ ಮಾಂಸದ ಬಣ್ಣದ ತೋಳದವನನ್ನು ತಾವೇ ಇಳಿಸಿದರು. ಅವನ ಸೊಂಟಕ್ಕೆ ಕರಿದಾರ ಕಟ್ಟಿ ಬೀದಿಬಾಗಿಲ ಮೇಲೆ ತೂಗುಹಾಕಿದರು. "ಊರ ಕಣ್ಣೆಲ್ಲ ಮಗಿನ ಮ್ಯಾಲೈತೆ. ಇವನನ್ನೇ ನೋಡ್ಲಿ." ಕಟ್ಟುವ ಮನೆಗೆ ದೃಷ್ಟಿಬೊಂಬೆ ಕಟ್ಟುತ್ತಾರಲ್ಲ, ಹಾಗೆ ಅವನು ನಮ್ಮ ಮನೆ ಕಾದ.

ಮಗಳು ಬೆಳೆದಳು. ತುಟಿ ಕೂಡಿತ್ತು, ಒಂದು ಗೆರೆ ಉಳಿದಿತ್ತು, ಮೂಗು ಒಂದು ಬದಿಗೆ ತುಸು ಒತ್ತಿದಂತಿತ್ತು. ಮಾತು ತಡವಾದರೂ ಚೆನ್ನಾಗಿ ಬಂತು. ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದೆವು. ನಾನು ಸಂದಿಗೆ ಪುಟ್ಟಿ ತುಂಬುತ್ತೇನೆ ಅಂದಾಗಲೆಲ್ಲ "ನನ್ನನ್ನ ಯಾಕೆ ತುಂಬ್ತೀಯಾ?" ಎಂದು ಹೊರಳಾಡಿ ನಗುತ್ತಿದ್ದಳು. ಅವಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ನಮ್ಮ ಮನೆಯವರಿಗೆ ಅಜ್ಜಂಪುರದಲ್ಲೇ ಮನೆ ಸಿಕ್ಕಿತು. ಅತ್ತೆಯೂ ನೆಂಟರೂ ಸಮೇತ ಅಲ್ಲಿಗೆ ಹೋದೆವು. ಅಲ್ಲಿ ಯಾರಿಗೂ ಗ್ರಹಣದ ಕಥೆ ಗೊತ್ತಿಲ್ಲ, ಬಚಾವಾದೆವು ಎಂದುಕೊಂಡೆ.

ಮಕ್ಕಳಿಗೆ ಕಥೆ ಬೇಕಿಲ್ಲ, ಕಣ್ಣು ಸಾಕು. ಮಳೆ ಹಿಡಿಯುವ ಮೊದಲೇ ಅವಳಿಗೆ 'ಮೊಲದ ಬಾಯಿ' ಎಂಬ ಹೆಸರು ಬಿದ್ದಿತ್ತು. ಅದನ್ನು ಅವಳು ನನಗೆ ಹೇಳಲಿಲ್ಲ. ಒಂದು ಸಂಜೆ ಅಂಗಡಿಯವನು ಏನೋ ಕೇಳಿದ್ದಕ್ಕೆ ಉತ್ತರ ಕೊಡುವಾಗ ಅವಳ ಎಡಗೈ ತಾನಾಗಿ ಮೇಲೆದ್ದು ಬಾಯಿ ಮುಚ್ಚಿತು. ಹೂ ಮಾರುವವಳ ಸೆರಗು ನನ್ನ ಮಗಳ ಅಂಗೈಯಾಗಿ ಬಂದಿತ್ತು.

ನಾನು ಸುಮ್ಮನೆ ಕೂರುವವಳಲ್ಲ. ಶಾಲೆಗೆ ಹೋಗಿ ಮೇಷ್ಟರ ಹತ್ತಿರ ಜಗಳವಾಡಿದೆ. ಅವರು ಪಾಪ, ಕೀಟಲೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಮಾರನೆಯ ದಿನದಿಂದ ಅವಳ ಜೊತೆ ಯಾರೂ ಆಡಲೇ ಇಲ್ಲ. ಕೈ ತೆಗೆ, ಕೈ ತೆಗೆ ಎಂದು ಮನೆಯಲ್ಲಿ ಗದರಿದೆ. ಅವಳು ಮಾತನ್ನೇ ಕಡಿಮೆ ಮಾಡಿದಳು. ಕೊಬ್ಬರಿ ಮಿಠಾಯಿಯ ಆಸೆ ತೋರಿಸಿದೆ. ಒಂದು ಕೈಯಲ್ಲಿ ಮಿಠಾಯಿ ಇಸಿದುಕೊಂಡು ಇನ್ನೊಂದರಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆ ಮಾತ್ರ ನೋಡಿ ಹೇಳಿದರು: "ಕೈಗೆ ಕೆಲಸ ಇಲ್ದಿದ್ರೆ ಬಾಯಿಗೇ ಹೋಗ್ತದೆ ಕಣೇ. ನೀನೂ ಹಂಗೇ ಮೂಗು ತುರಿಸ್ತಿದ್ದೆ ಅಂತ ನಿಮ್ಮಪ್ಪ ಹೇಳ್ತಿರಲಿಲ್ವಾ?"

ಮೂರನೇ ಕೈ ದೇವರು ಕೊಟ್ಟಿಲ್ಲ.

ನನ್ನ ಹತ್ತಿರ ಆಗ ಒಡೆಯದ ಡಬ್ಬಿ ಒಂದೇ ಒಂದು ಉಳಿದಿತ್ತು. ಹಿಂದೆ ಮೇಲಂಗಿ ಹಾರಿಸಿಕೊಂಡು ನೆಲದಿಂದ ಮೇಲಕ್ಕೆ ನೆಗೆಯುತ್ತಿರುವ ವೀರನೊಬ್ಬನ ಡಬ್ಬಿ. ಸುತ್ತಿದ್ದ ಪಾರದರ್ಶಕ ಹಾಳೆ ಕೂಡ ಹರಿದಿರಲಿಲ್ಲ. ನನ್ನ ಮದುವೆಗೆಂದು ಚಾಚಾ ತೂಕ ಹಾಕದೆ ಕೊಟ್ಟದ್ದು ಅದೊಂದೇ. ಆಮೇಲೆ ಗಣಿಯವರೂ ಹೋದರು, ಚಾಚಾರೂ ತೀರಿಕೊಂಡರು, ಅಂಥದ್ದು ಮತ್ತೆ ಬರುವ ದಾರಿಯಿರಲಿಲ್ಲ. ಇದನ್ನು ಯಾವತ್ತೂ ಒಡೆಯುವುದಿಲ್ಲ ಎಂದು ಇಟ್ಟುಕೊಂಡಿದ್ದೆ. ಆಗಾಗ ಇಳಿಸಿ, ಧೂಳು ಒರೆಸಿ, ಮತ್ತೆ ಇಡುತ್ತಿದ್ದೆ. ಆ ಭಾನುವಾರ ಇಳಿಸಿ ನೆಲದ ಮೇಲಿಟ್ಟು ಬ್ಲೇಡಿನಲ್ಲಿ ಹಾಳೆ ಸೀಳಿದೆ. ಆ ಹಾಳೆಯನ್ನೂ ಮಡಿಸಿ ಎತ್ತಿಟ್ಟುಕೊಂಡೆ. ಸುಳ್ಳೇಕೆ ಹೇಳಲಿ.

"ಬಾರೇ ಪುಟ್ಟಿ. ಈ ಕಾಲು ಹಿಡ್ಕೊ. ಬಿಡಬೇಡ, ಅಂಟು ಒಣಗೋವರೆಗೂ ಹಿಡಿದಿರಬೇಕು. ಆ ಕೈಲಿ ಇದನ್ನ ಒತ್ತು."

ಅವಳು ಎರಡೂ ಕೈಯಲ್ಲಿ ಹಿಡಿದಳು. ಇನ್ನು ಎಷ್ಟು ಹೊತ್ತು ಎಂದು ಕೇಳಿದಳು. ಮುಚ್ಚಲು ಕೈಯಿರಲಿಲ್ಲ, ಬಾಯಿ ತೆರೆದೇ ಕೇಳಿದಳು. ಅದನ್ನು ನಾನು ಗಮನಿಸಿದೆನೆಂದು ಅವಳಿಗೆ ತಿಳಿಯಬಾರದೆಂದು ತಲೆ ಬಗ್ಗಿಸಿ ತೋಳು ಉಜ್ಜುತ್ತ ಕೂತೆ. ಆಮೇಲಿನ ಸಂಜೆಗಳೆಲ್ಲ ಅದೇ ಕೆಲಸ. ಬೇಕೆಂದೇ ನಿಧಾನ ಮಾಡಿದೆ. ನಾನೊಬ್ಬಳೇ ಹಿಡಿಯಬಹುದಾದ್ದನ್ನೂ ಅವಳಿಗೆ ಕೊಟ್ಟೆ. ಇದ್ಯಾಕೆ ಹಿಂಗೈತೆ, ಇವನು ಹಾರೋದು ಹೆಂಗೆ, ಇವನ ಅಮ್ಮ ಎಲ್ಲಿ ಎಂದು ಅವಳು ಕೇಳುತ್ತಲೇ ಹೋದಳು. ಅತ್ತೆ ಅಕ್ಕಿ ಆರಿಸುತ್ತ ಕೂತಲ್ಲಿಂದಲೇ ಅದಕ್ಕೆಲ್ಲ ತಮಗೆ ತೋಚಿದ ಉತ್ತರ ಕೊಟ್ಟರು.

ಕೊನೆಗೆ ಉಳಿದದ್ದು ತಲೆ. ಅದು ಎಡ ಬಲ ಎಂದು ಎರಡು ಹೋಳು. ಕೂಡಿಸಿದಾಗ ಸಂದು ಹಣೆಯಿಂದ ಮೂಗಿನ ಮೇಲೆ ಹಾದು ಮೇಲ್ದುಟಿಯ ಮಧ್ಯಕ್ಕೆ ಬಂತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೈ ರೂಢಿಯಂತೆ ಪುಟ್ಟಿಯ ಡಬ್ಬಿಗೆ ಹೋಯಿತು.

"ಬೇಡ" ಎಂದಳು.

"ಗೆರೆ ಕಾಣುತ್ತಲ್ಲೇ. ತುಂಬಿ ಉಜ್ಜಿದ್ರೆ ಹೋಗುತ್ತೆ."

"ಹೋಗೋದು ಬೇಡ. ಇವನಿಗೂ ಇರ್ಲಿ."

ನನಗೆ ಮೊದಲು ಬಂದದ್ದು ಸಿಟ್ಟು. ಎಲ್ಲಕ್ಕಿಂತ ಒಳ್ಳೆಯ ಡಬ್ಬಿ, ಮುಖದ ನಡುವೆಯೇ ಸಂದು ಕಾಣಿಸಿಕೊಂಡು ನಿಲ್ಲುವುದೇ? ಅಷ್ಟು ವರ್ಷ ನಾನು ಉಜ್ಜಿದ್ದೆಲ್ಲ ಆ ಗೆರೆ ಕಾಣಬಾರದೆಂದೇ. ಹಾಗೆ ಅಂದುಕೊಂಡವಳೇ ಮಗಳ ಮುಖ ನೋಡಿದೆ. ಪುಟ್ಟಿಯ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ.

ಸೋಮವಾರ ಅದನ್ನು ಶಾಲೆಗೆ ಒಯ್ಯುತ್ತೇನೆ ಎಂದು ಹಟ ಹಿಡಿದಳು. ಮುರಿಯುತ್ತಾರೆ ಎಂದರೂ ಕೇಳಲಿಲ್ಲ. ಹಟ ಯಾರ ಕಡೆಯಿಂದ ಬಂದದ್ದೆಂದು ಅತ್ತೆ ನನ್ನನ್ನು ನೋಡಿ ನಕ್ಕರು. ಮಧ್ಯಾಹ್ನ ಊಟದ ಡಬ್ಬಿಯ ನೆಪ ಮಾಡಿಕೊಂಡು ಹೋದೆ. ಯಾರಾದರೂ ಒಂದು ಮಾತು ಆಡಿದರೆ ಆವತ್ತು ಅವರ ಗ್ರಹಚಾರ ಬಿಡಿಸಿಯೇ ಬರುವುದೆಂದು ಸೆರಗು ಸಿಕ್ಕಿಸಿಕೊಂಡೇ ಹೋಗಿದ್ದೆ. ಶಾಲೆಯ ಬೇಲಿಯ ಹತ್ತಿರ ನಿಂತು ನೋಡಿದರೆ ಮಕ್ಕಳೆಲ್ಲ ಜಗಲಿಯ ಮೇಲೆ ಮುತ್ತಿಕೊಂಡಿದ್ದರು, ನಡುವೆ ಇವಳು. ಮೇಲಂಗಿ ಬೀಳದಂತೆ ಎರಡೂ ಕೈಯಲ್ಲಿ ಅವನನ್ನು ಎತ್ತಿ ಹಿಡಿದಿದ್ದಳು.

"ಇವನ್ಯಾರೇ?" ಎಂದ ಒಬ್ಬ ಹುಡುಗ.

"ನಮ್ಮ ನೆಂಟ."

"ಮುಖದ ಮ್ಯಾಲೆ ಅದೇನೇ ಗೆರೆ?"

ಬೇಲಿಯ ಕೋಲನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಗೊಂಬೆಯನ್ನು ಅವನ ಕಣ್ಣ ಹತ್ತಿರಕ್ಕೆ ತಂದಳು.

"ಅದು ಕೂಡಿಸಿದ ಜಾಗ ಕಣೋ" ಎಂದು, ಮುಖ ಎತ್ತಿದಳು. "ನಂಗೂ ಐತೆ, ನೋಡು."

ಅವನು ಬಗ್ಗಿ ಅದನ್ನೂ ನೋಡಿದ, ಇದನ್ನೂ ನೋಡಿದ. ಆಮೇಲೆ ಹಾರೋದು ಹೆಂಗೆ ಎಂದು ಕೇಳಿದ. ಅವಳು ಅಜ್ಜಿ ಹೇಳಿಕೊಟ್ಟಿದ್ದ ಉತ್ತರವನ್ನು ದೊಡ್ಡ ದನಿಯಲ್ಲಿ ಹೇಳತೊಡಗಿದಳು. ನಾನು ಊಟದ ಡಬ್ಬಿಯನ್ನು ಬಾಗಿಲ ಹತ್ತಿರ ಇಟ್ಟು, ಸೆರಗು ಬಿಡಿಸಿಕೊಂಡು ಮನೆಗೆ ಬಂದೆ.